ಮನೆಯೊಳಗಿನ ವಿದ್ಯುತ್ ಸೋರಿಕೆ: ರಕ್ಷಕ ಸಾಧನವು ಎಲ್ಲೆಲ್ಲಿ ಅವಶ್ಯಕ?

ನೀರು, ನೆಲ, ವಿದ್ಯುಚ್ಛಕ್ತಿ, ಈ ಮೂರೂ ರೈತನ ಮನೆಯಲ್ಲಿ ಒಂದರ ಮಗ್ಗುಲಲ್ಲಿ ಒಂದು ಇರತಕ್ಕವು. ನೀರಿಲ್ಲದೆ ಬೆಳೆಯಿಲ್ಲ; ನೆಲವಿಲ್ಲದೆ ರೈತನೇ ಇಲ್ಲ; ವಿದ್ಯುಚ್ಛಕ್ತಿಯಾದರೋ ಬಾವಿಯಿಂದ ನೀರೆತ್ತುವುದು, ಮೇವು ಕತ್ತರಿಸುವುದು, ಹಿಟ್ಟು ರುಬ್ಬುವುದು ಮೊದಲಾದ ನಿತ್ಯದ ಕೆಲಸಗಳಲ್ಲಿ ಆಳಿನಂತೆ ಹಗಲಿರುಳೂ ದುಡಿಯುತ್ತಿದೆ. ಇವು ತಮ್ಮ ತಮ್ಮ ಸ್ಥಾನದಲ್ಲಿರುವಷ್ಟು ಕಾಲ ಮನೆಗೆ ಭಾಗ್ಯ. ಮೂರೂ ಒಂದೇ ಕಡೆ ಕೂಡಿ, ನಡುವೆ ಮನುಷ್ಯನ ಕೈಯೋ ದನದ ಕಾಲೋ ಸಿಕ್ಕಿತೆಂದರೆ ಪ್ರಾಣಕ್ಕೆ ಸಂಚಕಾರ ತಪ್ಪಿದ್ದಲ್ಲ.

ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ೧೯೦೨ನೆಯ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿಗೂ, ತರುವಾಯ ೧೯೦೮ರಲ್ಲಿ ಮೈಸೂರಿಗೂ ಬಂದಿತು. ಅಂದಿನಿಂದ ಇಂದಿನವರೆಗೆ ತಂತಿಯು ಹಳ್ಳಿಹಳ್ಳಿಯನ್ನೂ ಮುಟ್ಟಿದೆ. ಆದರೆ ತಂತಿಯ ಹಿಂದೆಯೇ ಬರಬೇಕಾಗಿದ್ದ ತಿಳಿವಳಿಕೆಯು ಅಷ್ಟೇ ವೇಗದಿಂದ ಬಂದಿದೆಯೆಂದು ಹೇಳುವಂತಿಲ್ಲ. ನೆಲಕ್ಕೆ ಸೋರುವ ವಿದ್ಯುತ್ತಿನಿಂದ ಪ್ರಾಣವನ್ನುಳಿಸುವ ಒಂದು ಚಿಕ್ಕ ಸಾಧನವು ಬಹುಕಾಲದಿಂದ ಪೇಟೆಯಲ್ಲಿ ದೊರೆಯುತ್ತಿದ್ದರೂ, ಅದನ್ನು ಮನೆಯಲ್ಲಿ ಎಲ್ಲೆಲ್ಲಿ ಅಗತ್ಯವಾಗಿ ಇಡಬೇಕೆಂಬುದು ಅನೇಕರಿಗೆ ತಿಳಿಯದು. ಈ ಸಂಗತಿಯನ್ನು ರೈತ ಮಹಾಶಯರಿಗೂ ಗೃಹಿಣಿಯರಿಗೂ ವಿವರಿಸುವುದೇ ಈ ಲೇಖನದ ಉದ್ದೇಶವು.

ಫ್ಯೂಸು ಕಾಯುವುದು ಯಾರನ್ನು?

“ಮನೆಯಲ್ಲಿ ಫ್ಯೂಸು ಇದೆ, ಇನ್ನೇತರ ಭಯ?” ಎಂದು ಕೇಳುವವರುಂಟು. ಈ ಮಾತಿನಲ್ಲಿ ದೊಡ್ಡದೊಂದು ತಪ್ಪುತಿಳಿವಳಿಕೆ ಅಡಗಿದೆ. ಫ್ಯೂಸಾಗಲಿ, ಅದರ ಬದಲು ಈಗ ಬಳಸುವ ಎಂ.ಸಿ.ಬಿ. ಎಂಬ ಸ್ವಿಚ್ಚಾಗಲಿ, ತಂತಿಯನ್ನು ಕಾಯುವುದಕ್ಕಾಗಿ ಹುಟ್ಟಿದ್ದು, ಮನುಷ್ಯನನ್ನು ಕಾಯುವುದಕ್ಕಲ್ಲ. ತಂತಿಯಲ್ಲಿ ಅದು ತಾಳಲಾರದಷ್ಟು ಪ್ರವಾಹ ಹರಿದು, ಕಾದು, ಬೆಂಕಿ ಹೊತ್ತಿಕೊಳ್ಳದಂತೆ ತಡೆಯುವುದೇ ಅದರ ಕೆಲಸ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸುಮಾರು ೨೩೦ ವೋಲ್ಟಿನದು. ೧,೦೦೦ ವ್ಯಾಟಿನ ಇಸ್ತ್ರಿಪೆಟ್ಟಿಗೆಯಲ್ಲಿ ೪ ಆಂಪೇರಿಗಿಂತ ಸ್ವಲ್ಪ ಹೆಚ್ಚು ಪ್ರವಾಹ ಹರಿಯುತ್ತದೆ. ಒದ್ದೆಯಾದ ಮೈಯಲ್ಲಿ ಬರಿಗಾಲಿನಿಂದ ನೆಲದ ಮೇಲೆ ನಿಂತವನ ಶರೀರದ ತಡೆಯನ್ನು ಸುಮಾರು ೧,೦೦೦ ಓಮ್ ಎಂದಿಟ್ಟುಕೊಂಡರೆ, ಅವನು ಫೇಸ್ ತಂತಿಯನ್ನು ಮುಟ್ಟಿದಾಗ ಅವನ ಮೈಯಲ್ಲಿ ಹರಿಯುವುದು ೨೩೦ ಮಿಲಿ ಆಂಪೇರು ಮಾತ್ರ. ಒಂದು ಆಂಪೇರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮಿಲಿ ಆಂಪೇರು ಎಂದು ಹೆಸರು. ಅಂದರೆ, ಇಸ್ತ್ರಿಪೆಟ್ಟಿಗೆಗೆ ಬೇಕಾಗುವ ಪ್ರವಾಹದ ಸುಮಾರು ಹತ್ತೊಂಬತ್ತರಲ್ಲಿ ಒಂದು ಪಾಲು! ೬ ಆಂಪೇರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಫ್ಯೂಸು ಕದಲದೆ ಕುಳಿತಿರುತ್ತದೆ, ಮನುಷ್ಯನು ಸಾಯುತ್ತಾನೆ. ದೀಪವು ಮಾತ್ರ ಎಂದಿನಂತೆ ಉರಿಯುತ್ತಲೇ ಇರುತ್ತದೆ.

ಶರೀರವು ತಾಳುವ ಪ್ರಮಾಣ

ಸುಮಾರು ಒಂದು ಮಿಲಿ ಆಂಪೇರಿನಷ್ಟು ಪ್ರವಾಹವು ಮೈಯಲ್ಲಿ ಹರಿದರೆ ಸಣ್ಣಗೆ ಜುಮ್ಮೆನ್ನುವುದು ತಿಳಿಯುತ್ತದೆ. ಹತ್ತರ ಆಚೆ ಈಚೆ ಬಂದಾಗ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಬೇಕೆಂದರೂ ಬಿಡಲಾಗದು. “ಕರೆಂಟು ಹಿಡಿದುಕೊಂಡಿತು” ಎಂದು ನಮ್ಮ ಜನರು ಹೇಳುವುದು ಈ ಸ್ಥಿತಿಯನ್ನೇ. ವಾಸ್ತವವಾಗಿ ಹಿಡಿದುಕೊಂಡಿರುವುದು ಕರೆಂಟಲ್ಲ, ನಮ್ಮ ಕೈಯೇ. ಇನ್ನೂ ಹೆಚ್ಚಿದಲ್ಲಿ ಎದೆಯ ಸ್ನಾಯುಗಳು ಸೆಟೆದು ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಮೂವತ್ತು ನಲವತ್ತನ್ನು ಮೀರಿದ ಪ್ರವಾಹವು ಕೆಲವು ಕ್ಷಣ ಹರಿದರೆ ಹೃದಯವು ತಾಳ ತಪ್ಪಿ ಅದುರತೊಡಗಿ, ರಕ್ತವನ್ನು ಮುಂದಕ್ಕೆ ನೂಕಲಾರದೆ ಹೋಗಬಹುದು. ಆದಕಾರಣ ಅಪಾಯವನ್ನು ಅಳೆಯುವಾಗ ಪ್ರವಾಹವೆಷ್ಟು ಎಂಬುದರ ಜೊತೆಗೆ ಎಷ್ಟು ಹೊತ್ತು ಹರಿಯಿತು ಎಂಬುದನ್ನೂ ಗಣಿಸಬೇಕು.

ಈ ವಿಷಯದಲ್ಲಿ ಆಳವಾದ ಪ್ರಯೋಗಗಳನ್ನು ನಡೆಸಿದವರು ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯಲ್ ಎಂಬ ವಿದ್ವಾಂಸರು. ಸ್ವಇಚ್ಛೆಯಿಂದ ಮುಂದೆ ಬಂದ ಜನರ ಮೇಲೆ ಪರೀಕ್ಷೆಮಾಡಿ, ಹಿಡಿದ ತಂತಿಯನ್ನು ಬಿಡಲು ಸಾಧ್ಯವಾಗುವ ಪ್ರವಾಹದ ಮಿತಿಯು ಗಂಡಸರಲ್ಲಿ ಸರಾಸರಿ ೧೬, ಹೆಂಗಸರಲ್ಲಿ ಸರಾಸರಿ ೧೦.೫ ಮಿಲಿ ಆಂಪೇರು ಎಂದು ಅವರು ತೋರಿಸಿದರು. ಈ ಜ್ಞಾನದ ಆಧಾರದಿಂದಲೇ ಅವರು ೧೯೬೧ನೆಯ ಇಸವಿಯಲ್ಲಿ, ಸುಮಾರು ೫ ಮಿಲಿ ಆಂಪೇರು ಸೋರಿದ ಕೂಡಲೆ ವಿದ್ಯುತ್ತನ್ನು ಕಡಿದುಹಾಕುವ ಸಾಧನವೊಂದನ್ನು ರಚಿಸಿದರು.

ಸಾಧನವು ಕೆಲಸಮಾಡುವ ಬಗೆ

ಜಾಣನಾದ ದನಗಾಹಿಯು ಬೆಳಿಗ್ಗೆ ಕೊಟ್ಟಿಗೆಯಿಂದ ಹೊರಟ ದನಗಳನ್ನು ಎಣಿಸುತ್ತಾನೆ. ಸಂಜೆ ಹಿಂದಿರುಗುವಾಗ ಮತ್ತೆ ಎಣಿಸುತ್ತಾನೆ. ಒಂದು ಕಡಮೆಯಾದರೂ ಎಲ್ಲಿಯೋ ತಪ್ಪಿಸಿಕೊಂಡಿತೆಂದು ಅವನಿಗೆ ಗೊತ್ತಾಗುತ್ತದೆ. ಈ ಸಾಧನವೂ ಮಾಡುವುದು ಇದನ್ನೇ. ಫೇಸ್ ತಂತಿಯಲ್ಲಿ ಮನೆಯೊಳಕ್ಕೆ ಹೋದ ಪ್ರವಾಹವು ಕೆಲಸ ಮುಗಿಸಿ ನ್ಯೂಟ್ರಲ್ ತಂತಿಯಲ್ಲಿ ಅಷ್ಟೇ ಹಿಂದಿರುಗಬೇಕು. ಈ ಎರಡು ತಂತಿಗಳನ್ನೂ ಒಂದು ಕಬ್ಬಿಣದ ಉಂಗುರದ ಮೂಲಕ ಹಾಯಿಸಿರುತ್ತಾರೆ. ಹೋದದ್ದೂ ಬಂದದ್ದೂ ಸಮನಾಗಿರುವವರೆಗೆ ಉಂಗುರದಲ್ಲಿ ಯಾವ ಪರಿಣಾಮವೂ ಇಲ್ಲ. ಸ್ವಲ್ಪ ಭಾಗವು ಮನುಷ್ಯನ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಸೋರಿಹೋದರೆ, ಆ ವ್ಯತ್ಯಾಸದಿಂದ ಉಂಗುರದ ಮೇಲೆ ಸುತ್ತಿರುವ ಮತ್ತೊಂದು ಸುರುಳಿಯಲ್ಲಿ ಕಿರುಪ್ರವಾಹವು ಹುಟ್ಟಿ ಸ್ವಿಚ್ಚನ್ನು ಬೀಳಿಸುತ್ತದೆ.

ನೆಲಕ್ಕೆ ಏಕೆ ಸೋರಬೇಕು ಎಂದು ಕೇಳಬಹುದು. ಊರಿನ ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲ್ ತಂತಿಯನ್ನು ನೆಲಕ್ಕೆ ಜೋಡಿಸಿರುತ್ತಾರೆ. ಆದ್ದರಿಂದ ನೆಲವೂ ಪ್ರವಾಹವು ಹಿಂದಿರುಗುವ ಒಂದು ದಾರಿಯೇ ಆಗಿದೆ. ನೆಲದ ಮೇಲೆ ನಿಂತು ಫೇಸ್ ತಂತಿಯನ್ನು ಮುಟ್ಟಿದವನು ಆ ದಾರಿಗೆ ತಾನೇ ಸೇತುವೆಯಾಗುತ್ತಾನೆ.

ಈ ಸಾಧನವನ್ನು ನಮ್ಮ ಅಂಗಡಿಗಳಲ್ಲಿ ಆರ್.ಸಿ.ಸಿ.ಬಿ. ಎಂದು ಕೇಳಿ ಪಡೆಯಬೇಕು. ಮನೆಗೆ ಬೇಕಾದದ್ದು ೩೦ ಮಿಲಿ ಆಂಪೇರಿನದು. ಇದು ೧೫ರವರೆಗಿನ ಸೋರಿಕೆಗೆ ಬೀಳುವುದಿಲ್ಲ. ೩೦ನ್ನು ಮುಟ್ಟುವುದರೊಳಗೆ ಬೀಳಲೇಬೇಕು. ಸೋರಿಕೆಯು ೩೦ರಷ್ಟಿದ್ದರೆ ಒಂದು ಸೆಕೆಂಡಿನ ಹತ್ತರಲ್ಲಿ ಮೂರು ಪಾಲಿನೊಳಗಾಗಿ, ಅದರ ಐದರಷ್ಟಾದರೆ ನೂರರಲ್ಲಿ ನಾಲ್ಕು ಪಾಲಿನೊಳಗಾಗಿ ವಿದ್ಯುತ್ತನ್ನು ಕಡಿಯಬೇಕೆಂದು ನಿಯಮವಿದೆ. ಮೇಲ್ಕಂಡ ಉದಾಹರಣೆಯಲ್ಲಿ ೨೩೦ ಮಿಲಿ ಆಂಪೇರಿಗೆ ಸಿಕ್ಕಿದ ಮನುಷ್ಯನು ಒಂದು ಬಲವಾದ ಹೊಡೆತವನ್ನು ತಿನ್ನುತ್ತಾನೆ; ಆದರೆ ಬಹುಮಟ್ಟಿಗೆ ಬದುಕಿಕೊಳ್ಳುತ್ತಾನೆ.

ಅಮೆರಿಕಾದವರು ಕಂಡುಕೊಂಡ ಸ್ಥಳಗಳು

ಸಾಧನವು ದೊರೆತ ಮಾತ್ರಕ್ಕೆ ಅಮೆರಿಕಾದವರು ಅದನ್ನು ಮನೆಯ ಎಲ್ಲ ಕಡೆಯಲ್ಲಿಯೂ ಕಡ್ಡಾಯಮಾಡಲಿಲ್ಲ. ಅಪಾಯವು ಹೆಚ್ಚಾಗಿ ಕಂಡ ಸ್ಥಳಗಳನ್ನು ಒಂದೊಂದಾಗಿ ಆರಿಸಿ, ಅಲ್ಲಿಯ ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲಿ ಸೇರಿಸುತ್ತ ಬಂದರು. ೧೯೬೮ರಲ್ಲಿ ಈಜುಕೊಳದ ನೀರಿನೊಳಗಿನ ದೀಪಗಳು. ೧೯೭೩ರಲ್ಲಿ ಮನೆಯ ಹೊರಗಿನ ಪ್ಲಗ್ಗುಗಳು. ೧೯೭೫ರಲ್ಲಿ ಸ್ನಾನದ ಮನೆ. ೧೯೭೮ರಲ್ಲಿ ವಾಹನ ನಿಲ್ಲಿಸುವ ಕೊಠಡಿ. ೧೯೮೭ರಲ್ಲಿ ಅಡುಗೆಮನೆಯ ತೊಟ್ಟಿಯಿಂದ ಆರು ಅಡಿಯೊಳಗಿನ ಪ್ಲಗ್ಗುಗಳು ಮತ್ತು ನೆಲಮಾಳಿಗೆ. ೨೦೧೪ರಲ್ಲಿ ಬಟ್ಟೆ ಒಗೆಯುವ ಸ್ಥಳ. ಹೀಗೆ ಪಟ್ಟಿಯು ಬೆಳೆಯುತ್ತಲೇ ಇದೆ.

ಈ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಅದರ ಹಿಂದಿರುವ ಸೂತ್ರವು ಒಂದೇ ಎಂಬುದು ಗೋಚರವಾಗುತ್ತದೆ. ಎಲ್ಲಿ ನೀರಿದೆಯೋ, ಎಲ್ಲಿ ಕಾಲಿಗೆ ಬರಿಯ ಮಣ್ಣೋ ಗಾರೆಯೋ ತಾಗುವುದೋ, ಎಲ್ಲಿ ಕೈಯಲ್ಲಿ ಹಿಡಿದು ಉಪಯೋಗಿಸುವ ವಿದ್ಯುತ್ ಸಾಮಾನು ಇದೆಯೋ, ಅಲ್ಲಿ ರಕ್ಷಕ ಸಾಧನವಿರಬೇಕು. ಈಜುಕೊಳವೂ ನೆಲಮಾಳಿಗೆಯೂ ನಮ್ಮ ರೈತರ ಮನೆಗಳಲ್ಲಿಲ್ಲ. ಆದರೆ ಈ ಸೂತ್ರವು ಯಾವ ದೇಶಕ್ಕಾದರೂ ಸಲ್ಲುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ತಿಳಿದಿರಬೇಕು. ಆ ದೇಶದಲ್ಲಿ ಸಾಮಾನ್ಯವಾಗಿ ಸಾಧನವನ್ನು ಪ್ಲಗ್ಗಿನ ಪೆಟ್ಟಿಗೆಯಲ್ಲಿಯೇ ಕೂರಿಸಿ, ೫ ಮಿಲಿ ಆಂಪೇರಿನ ಸುಮಾರಿಗೆ ಬೀಳುವಂತೆ ಮಾಡಿರುತ್ತಾರೆ. ನಮ್ಮಲ್ಲಿ ಮೀಟರಿನಿಂದ ಮುಂದಿರುವ ಹಲಗೆಯಲ್ಲಿ ಒಂದೇ ಸಾಧನವನ್ನಿಟ್ಟು ಇಡೀ ಮನೆಯನ್ನು ಅದರ ಕಾವಲಿಗೆ ಒಪ್ಪಿಸುವುದು ರೂಢಿ. ಮನೆಯ ಸಾಮಾನುಗಳೆಲ್ಲದರಿಂದಲೂ ಸಹಜವಾಗಿ ಇಷ್ಟಿಷ್ಟು ಸೋರುವುದು ಒಟ್ಟುಗೂಡುವುದರಿಂದ, ೫ರ ಮಿತಿಯನ್ನಿಟ್ಟರೆ ದಿನವೂ ಸುಮ್ಮಸುಮ್ಮನೆ ಬೀಳುವುದು. ಆದುದರಿಂದ ೩೦ರ ಮಿತಿ.

ನಮ್ಮ ದೇಶದ ನಿಯಮ

ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು ೨೦೧೦ರಲ್ಲಿ ಹೊರಡಿಸಿ, ೨೦೨೩ರಲ್ಲಿ ಹೊಸದಾಗಿ ರಚಿಸಿದ ಸುರಕ್ಷತಾ ನಿಯಮಗಳಲ್ಲಿ, ನೆಲಕ್ಕೆ ಸೋರುವ ವಿದ್ಯುತ್ತನ್ನು ತತ್‌ಕ್ಷಣ ಕಡಿಯುವ ಸಾಧನವಿರಬೇಕೆಂಬ ವಿಧಿಯಿದೆ. ಗೃಹೋಪಯೋಗದ ಸಂಪರ್ಕಗಳಲ್ಲಿ ಅದರ ಮಿತಿಯು ೩೦ ಮಿಲಿ ಆಂಪೇರನ್ನು ಮೀರಕೂಡದು. ಆದರೆ ತೀರ ಸಣ್ಣ ಸಂಪರ್ಕಗಳಿಗೆ ಈ ವಿಧಿಯು ಅನ್ವಯಿಸುವುದಿಲ್ಲ.

ಇಲ್ಲಿಯೇ ನಾವು ಯೋಚಿಸಬೇಕಾದ ಅಂಶವಿದೆ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಮೊದಲಾದ ಯೋಜನೆಗಳ ಮೂಲಕ ಬೆಳಕು ಕಂಡ ಬಡವರ ಮನೆಗಳು ಈ ಸಣ್ಣ ಸಂಪರ್ಕಗಳ ಸಾಲಿಗೆ ಸೇರುತ್ತವೆ. ಆ ಮನೆಗಳಲ್ಲಿ ನೆಲವು ಮಣ್ಣಿನದು, ಗೋಡೆಯು ಮಳೆಗಾಲದಲ್ಲಿ ತೇವ, ಛಾವಣಿಯು ಅನೇಕ ಕಡೆ ತಗಡಿನದು, ಮನೆಯವರು ಬರಿಗಾಲಿನಲ್ಲಿರುವವರು. ಕಾನೂನು ವಿನಾಯಿತಿಯನ್ನು ಕೊಟ್ಟಿರಬಹುದು, ವಿದ್ಯುತ್ತು ಕೊಡುವುದಿಲ್ಲ. ಕಡ್ಡಾಯವಿಲ್ಲದ ಮನೆಯಲ್ಲಿಯೇ ಈ ಸಾಧನದ ಅವಶ್ಯಕತೆಯು ಹೆಚ್ಚೆಂಬುದನ್ನು ವಾಚಕರು ಮನಗಾಣಬೇಕು.

ರೈತನ ಮನೆಯಲ್ಲಿ ಎಲ್ಲೆಲ್ಲಿ?

ಇಡೀ ಮನೆಗೆ ಒಂದು ಸಾಧನವನ್ನಿಡುವುದು ಉತ್ತಮ ಪಕ್ಷ. ಅದು ಸಾಧ್ಯವಾಗದಿದ್ದಲ್ಲಿ ಕೆಳಗೆ ಕಾಣಿಸಿದ ಸ್ಥಳಗಳ ಪ್ಲಗ್ಗುಗಳನ್ನಾದರೂ ಅದರ ಕಾವಲಿಗೆ ತರತಕ್ಕದ್ದು.

೧. ಬಚ್ಚಲುಮನೆ:— ಮೈಯೆಲ್ಲ ಒದ್ದೆಯಾಗಿ, ಕಾಲು ನೀರಿನಲ್ಲಿರುವ ಸ್ಥಳವಿದು. ನೀರು ಕಾಯಿಸುವ ಗೀಸರು ಇಲ್ಲವೆ ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲು ಕೆಟ್ಟು ಸೋರತೊಡಗಿದರೆ ನೀರೇ ವಿದ್ಯುತ್ತನ್ನು ಹೊತ್ತು ತರುತ್ತದೆ. ಕಾಯಿಲನ್ನು ಉಪಯೋಗಿಸುವವರು ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲಲ್ಲದೆ ನೀರಿಗೆ ಬೆರಳಿಟ್ಟು ಬಿಸಿ ನೋಡಕೂಡದು. ಲೋಹದ ಬಕೆಟ್ಟಿನಲ್ಲಿ ಅದನ್ನು ಇಡಲೇಬಾರದು.

೨. ಅಡುಗೆಮನೆ:— ರುಬ್ಬುವ ಯಂತ್ರ, ಮಿಕ್ಸಿ, ತಂಪುಪೆಟ್ಟಿಗೆ ಇವೆಲ್ಲವೂ ಇಲ್ಲಿವೆ. ಗೃಹಿಣಿಯು ಅಕ್ಕಿ ತೊಳೆದ ಕೈಯಲ್ಲಿಯೇ ಸ್ವಿಚ್ಚನ್ನು ಒತ್ತುತ್ತಾಳೆ. ರುಬ್ಬುವಾಗ ಚೆಲ್ಲಿದ ನೀರು ಮೋಟಾರಿನೊಳಕ್ಕೆ ಇಳಿಯುವುದೂ ಅಪರೂಪವಲ್ಲ. ಮುಟ್ಟಿದಾಗ ಸಣ್ಣಗೆ ಜುಮ್ಮೆನ್ನುವ ಯಂತ್ರವನ್ನು “ಸ್ವಲ್ಪ ಶಾಕು ಹೊಡೆಯುತ್ತದೆ, ಅಷ್ಟೆ” ಎಂದು ಉದಾಸೀನಮಾಡುವುದು ಮಹಾಪರಾಧ. ಇಂದು ಒಣಗಿದ ಕೈಗೆ ಜುಮ್ಮೆಂದದ್ದು ನಾಳೆ ಒದ್ದೆ ಕೈಗೆ ಮೃತ್ಯುವಾಗಬಹುದು.

೩. ಬಟ್ಟೆ ಒಗೆಯುವ ಮತ್ತು ಒಣಹಾಕುವ ಸ್ಥಳ:— ಒಗೆಯುವ ಯಂತ್ರದ ಪ್ಲಗ್ಗಿಗೆ ರಕ್ಷಣೆಯು ಅವಶ್ಯಕ. ಬಟ್ಟೆ ಒಣಹಾಕುವುದಕ್ಕೆ ಕಬ್ಬಿಣದ ತಂತಿಯನ್ನು ಕಟ್ಟಿ, ಅದರ ಒಂದು ಕೊನೆಯನ್ನು ದೀಪದ ಕಂಬಕ್ಕೋ ಮನೆಗೆ ವಿದ್ಯುತ್ತು ಬರುವ ಕೊಳವೆಗೋ ಬಿಗಿಯುವ ಪದ್ಧತಿಯನ್ನು ಇಂದೇ ಬಿಡಬೇಕು. ಮನೆಯೊಳಗಿನ ಸಾಧನವು ಹೊರಗಿನ ಕಂಬದಿಂದ ಬರುವ ವಿದ್ಯುತ್ತನ್ನು ತಡೆಯಲಾರದು. ನೂಲಿನ ಇಲ್ಲವೆ ನೈಲಾನಿನ ಹಗ್ಗವನ್ನು ಕಟ್ಟಿದರೆ ಆಯಿತು.

೪. ಅಂಗಳ, ಜಗಲಿ, ಕಣ:— ಮನೆಯ ಹೊರಗಿನ ಪ್ಲಗ್ಗುಗಳಿಗೆ ಮಳೆಯ ಎರಚಲು ತಾಗುತ್ತದೆ. ಕಣದಲ್ಲಿ ತೂರುವ ಫ್ಯಾನು, ಮದುವೆಯ ಚಪ್ಪರದ ಸರದೀಪ, ಹಬ್ಬದ ಅಲಂಕಾರ ಇವುಗಳಿಗೆ ಉದ್ದವಾದ ತಂತಿಯನ್ನು ನೆಲದ ಮೇಲೆಳೆದು, ಗಂಟುಹಾಕಿ, ಕೆಲವೊಮ್ಮೆ ಪಟ್ಟಿಯನ್ನು ಸಹ ಸುತ್ತದೆ ಬಿಟ್ಟಿರುತ್ತಾರೆ. ಮಕ್ಕಳು ಓಡಾಡುವುದು ಅಲ್ಲಿಯೇ. ಇಂಥ ತಾತ್ಕಾಲಿಕ ಜೋಡಣೆಗಳನ್ನು ರಕ್ಷಕ ಸಾಧನವುಳ್ಳ ಪ್ಲಗ್ಗಿನಿಂದಲ್ಲದೆ ತೆಗೆದುಕೊಳ್ಳಕೂಡದು.

೫. ನೀರಿನ ತೊಟ್ಟಿ ಮತ್ತು ಮನೆಯ ಮೋಟಾರು:— ನೆಲದ ತೊಟ್ಟಿಯಿಂದ ಮೇಲಿನ ತೊಟ್ಟಿಗೆ ನೀರೇರಿಸುವ ಸಣ್ಣ ಮೋಟಾರು ಸದಾ ಒದ್ದೆಯ ಸ್ಥಳದಲ್ಲಿರುತ್ತದೆ. ತೊಟ್ಟಿಯನ್ನು ತೊಳೆಯಲು ಇಳಿಯುವಾಗ ಮೋಟಾರಿನ ಪ್ಲಗ್ಗನ್ನು ಕಿತ್ತಿಡಬೇಕು. ಸ್ವಿಚ್ಚನ್ನು ಆರಿಸಿದರೆ ಸಾಲದು.

೬. ಕೊಟ್ಟಿಗೆ:— ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ದೀಪ ಇವುಗಳಿರುವ ಕೊಟ್ಟಿಗೆಯ ನೆಲವು ಗಂಜಲದಿಂದ ನೆನೆದು ವಿದ್ಯುತ್ತಿಗೆ ಸುಲಭವಾದ ದಾರಿಯಾಗಿರುತ್ತದೆ. ದನವು ಬರಿಗಾಲಿನ ಪ್ರಾಣಿ. ಅದರ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಹೆಚ್ಚು. ಶರೀರದ ತಡೆಯು ಮನುಷ್ಯನದಕ್ಕಿಂತ ಕಡಮೆ. ಕೆರ ಮೆಟ್ಟಿದ ಮನುಷ್ಯನಿಗೆ ತಿಳಿಯದಷ್ಟು ಅಲ್ಪ ವೋಲ್ಟೂ ಹಸುವಿಗೆ ತಿಳಿಯುತ್ತದೆ. ಹಸುವು ಕಾರಣವಿಲ್ಲದೆ ನೀರಿನ ತೊಟ್ಟಿಯ ಬಳಿಗೆ ಹೋಗಲು ಹಿಂಜರಿದರೆ, ಕರೆಯುವಾಗ ಕಾಲು ಬದಲಿಸುತ್ತ ಚಡಪಡಿಸಿದರೆ, ರೋಗವೆಂದು ತಿಳಿಯುವ ಮುನ್ನ ಕೊಟ್ಟಿಗೆಯಲ್ಲಿ ವಿದ್ಯುತ್ತು ಸೋರುತ್ತಿದೆಯೇ ಎಂದು ಪರೀಕ್ಷೆ ಮಾಡಿಸುವುದು ಒಳ್ಳೆಯದು.

೭. ಹೊಲದ ಪಂಪುಸೆಟ್ಟು:— ಇದಕ್ಕೆ ಮನೆಯ ಸಾಧನವು ಸಾಲದು. ಮೂರು ಫೇಸಿನ ಮೋಟಾರಿಗೆ ನಾಲ್ಕು ತಂತಿಗಳ ಸಾಧನವನ್ನು ಪ್ರತ್ಯೇಕವಾಗಿ ಸ್ಟಾರ್ಟರಿನ ಪೆಟ್ಟಿಗೆಯ ಬಳಿ ಇಡಬೇಕು. ಗೃಹೇತರ ಸಂಪರ್ಕಗಳಿಗೆ ೧೦೦ ಮಿಲಿ ಆಂಪೇರಿನ ಮಿತಿಯಿದೆ. ಉದ್ದವಾದ ಕೇಬಲ್ಲಿನಿಂದಲೂ ನೀರಿನಲ್ಲಿ ಮುಳುಗಿದ ಮೋಟಾರಿನಿಂದಲೂ ಸಹಜವಾಗಿ ಸ್ವಲ್ಪ ಸೋರುವುದೇ ಇದಕ್ಕೆ ಕಾರಣ.

ಅರ್ತಿಂಗನ್ನು ಮರೆಯಕೂಡದು

ಈ ಸಾಧನವನ್ನು ಇಟ್ಟಮೇಲೆ ಅರ್ತಿಂಗ್ ಬೇಡವೆಂದು ತಿಳಿಯುವುದು ತಪ್ಪು. ಅರ್ತಿಂಗ್ ಸರಿಯಾಗಿದ್ದರೆ, ಯಂತ್ರದ ಲೋಹದ ಮೈಗೆ ವಿದ್ಯುತ್ತು ಬಂದ ಗಳಿಗೆಯಲ್ಲಿಯೇ, ಮನುಷ್ಯನು ಮುಟ್ಟುವುದಕ್ಕೆ ಮೊದಲೇ, ಅದು ಆ ತಂತಿಯಲ್ಲಿ ನೆಲಕ್ಕೆ ಸೋರಿ ಸಾಧನವು ಬೀಳುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಸೋರಿಕೆಯ ದಾರಿ ತೆರೆಯುವುದು ಯಾರಾದರೂ ಮುಟ್ಟಿದಾಗ. ಮೊದಲನೆಯದರಲ್ಲಿ ಹೊಡೆತವೇ ಇಲ್ಲ. ಎರಡನೆಯದರಲ್ಲಿ ಹೊಡೆತವಾದ ಮೇಲೆ ರಕ್ಷಣೆ.

ಹಾಗೆಯೇ ಬರಿಯ ಅರ್ತಿಂಗನ್ನೇ ನಂಬಿರುವುದೂ ಸಾಲದು. ಅರ್ತ್ ಗುಂಡಿಯು ಒಳ್ಳೆಯ ಸ್ಥಿತಿಯಲ್ಲಿದ್ದು ಅದರ ತಡೆಯು ೫ ಓಮ್ ಇದ್ದರೆ, ಸೋರಿದ ಪ್ರವಾಹವು ೪೬ ಆಂಪೇರಿನವರೆಗೂ ಏರಿ ಫ್ಯೂಸು ಹೋಗುತ್ತದೆ. ಬೇಸಗೆಯಲ್ಲಿ ಗುಂಡಿಯು ಒಣಗಿ ತಡೆಯು ೫೦ ಓಮ್ ಆಯಿತೆನ್ನೋಣ. ಆಗ ಹರಿಯುವುದು ೪.೬ ಆಂಪೇರು ಮಾತ್ರ. ೧೬ ಆಂಪೇರಿನ ಫ್ಯೂಸು ಹೋಗುವುದಿಲ್ಲ. ಮೋಟಾರಿನ ಮೈಯೆಲ್ಲ ವಿದ್ಯುತ್ತನ್ನು ಹೊತ್ತುಕೊಂಡು ನಿಂತಿರುತ್ತದೆ. ಆರ್.ಸಿ.ಸಿ.ಬಿ. ಇದ್ದಲ್ಲಿ ಇದರ ನೂರರಲ್ಲಿ ಒಂದು ಪಾಲೇ ಅದನ್ನು ಬೀಳಿಸಲು ಸಾಕು. ಆದಕಾರಣ ಅರ್ತಿಂಗ್ ಮತ್ತು ಈ ಸಾಧನ ಎರಡೂ ಜೋಡೆತ್ತುಗಳಿದ್ದಂತೆ. ಒಂದನ್ನು ಬಿಟ್ಟು ಒಂದರಿಂದ ಉಳುವುದು ಸರಿಯಲ್ಲ.

ಅರ್ತಿಂಗಿಗೆ ಕೊಳವೆಯನ್ನು ಉಪಯೋಗಿಸುವವರು ೪೦ ಮಿಲಿಮೀಟರಿಗೆ ಕಡಮೆಯಿಲ್ಲದ ಒಳವ್ಯಾಸವೂ ಎರಡೂವರೆ ಮೀಟರಿಗೆ ಕಡಮೆಯಿಲ್ಲದ ಉದ್ದವೂ ಇರುವುದನ್ನು, ಮನೆಯ ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರು ದೂರದಲ್ಲಿ ಹೂಳಿಸಬೇಕು. ಬೇಸಗೆಯಲ್ಲಿ ಗುಂಡಿಗೆ ಆಗಾಗ್ಗೆ ನೀರು ಹೊಯ್ಯುತ್ತಿರಬೇಕು. ಮೂರು ಮುಳ್ಳಿನ ಪ್ಲಗ್ಗಿನಲ್ಲಿ ದಪ್ಪನಾಗಿಯೂ ಉದ್ದವಾಗಿಯೂ ಇರುವ ಮುಳ್ಳು ಅರ್ತಿಂಗಿನದು. ಉಳಿದೆರಡಕ್ಕಿಂತ ಮೊದಲು ಅದು ಸೇರಲೆಂದೇ ಹಾಗೆ ಮಾಡಿದ್ದಾರೆ. ಪ್ಲಗ್ಗು ಹಿಡಿಯುವುದಿಲ್ಲವೆಂದು ಅದನ್ನು ಮುರಿದುಹಾಕುವುದು ಮನೆಯ ಬಾಗಿಲಿನ ಅಗುಳಿಯನ್ನು ತಾನೇ ಕಿತ್ತುಹಾಕಿದಂತೆ.

ಕೊಳ್ಳುವಾಗಲೂ ಜೋಡಿಸುವಾಗಲೂ

ಹಿಂದೆ ಇ.ಎಲ್.ಸಿ.ಬಿ. ಎಂಬ ಹೆಸರಿನಲ್ಲಿ ಬರುತ್ತಿದ್ದ ಒಂದು ಬಗೆಯ ಸಾಧನವು ಅರ್ತ್ ತಂತಿಯಲ್ಲಿ ವೋಲ್ಟು ಕಂಡರೆ ಮಾತ್ರ ಬೀಳುತ್ತಿತ್ತು. ಮನುಷ್ಯನು ನೇರವಾಗಿ ತಂತಿಯನ್ನು ಮುಟ್ಟಿದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಇಂದಿಗೂ ಜನರು ಹಳೆಯ ಹೆಸರಿನಿಂದಲೇ ಹೊಸದನ್ನೂ ಕರೆಯುವುದರಿಂದ, ಕೊಳ್ಳುವಾಗ ಆರ್.ಸಿ.ಸಿ.ಬಿ. ಎಂದು ಸ್ಪಷ್ಟವಾಗಿ ಕೇಳಿ, ಐ.ಎಸ್. ೧೨೬೪೦ ಎಂಬ ಗುರುತನ್ನೂ ೩೦ ಮಿಲಿ ಆಂಪೇರು ಎಂಬ ಬರೆಹವನ್ನೂ ನೋಡಿಕೊಳ್ಳಬೇಕು.

ಇದು ಸೋರಿಕೆಯನ್ನು ಮಾತ್ರ ಹಿಡಿಯುತ್ತದೆ. ಹೊರೆ ಹೆಚ್ಚಾದುದನ್ನೂ ತಂತಿಗಳು ಒಂದಕ್ಕೊಂದು ತಗುಲಿದುದನ್ನೂ ಹಿಡಿಯದು. ಆದ್ದರಿಂದ ಫ್ಯೂಸು ಅಥವಾ ಎಂ.ಸಿ.ಬಿ. ಇದರ ಜೊತೆಯಲ್ಲಿ ಇರಲೇಬೇಕು. ಇನ್ನೊಂದು ಮಿತಿಯನ್ನೂ ಮುಚ್ಚಿಡಬಾರದು. ಒಬ್ಬನು ಒಣಮಣೆಯ ಮೇಲೆ ನಿಂತು ಒಂದು ಕೈಯಲ್ಲಿ ಫೇಸನ್ನೂ ಮತ್ತೊಂದರಲ್ಲಿ ನ್ಯೂಟ್ರಲ್ಲನ್ನೂ ಹಿಡಿದರೆ, ಹೋದದ್ದೆಲ್ಲ ಹಿಂದಿರುಗುವುದರಿಂದ ಸಾಧನವು ಬೀಳುವುದಿಲ್ಲ. ಸಾಧನವಿದೆಯೆಂಬ ಧೈರ್ಯದಿಂದ ಬರಿಗೈಯಲ್ಲಿ ತಂತಿಯನ್ನು ಮುಟ್ಟುವುದು ಹುಚ್ಚುತನ.

ನ್ಯೂಟ್ರಲ್ ತಂತಿ ಕಡಿದಾಗ ದೀಪದ ಒಂದು ತಂತಿಯನ್ನು ನೆಲಕ್ಕೆ ಚುಚ್ಚಿದ ಸರಳಿಗೆ ಕಟ್ಟಿ ಬೆಳಕು ಮಾಡಿಕೊಳ್ಳುವ ಅಭ್ಯಾಸವು ಕೆಲವು ಹಳ್ಳಿಗಳಲ್ಲಿದೆ. ಆ ಸರಳಿನ ಸುತ್ತಲಿನ ನೆಲದಲ್ಲಿ ಕಾಲಿಟ್ಟ ಮಗುವಿಗೂ ದನಕ್ಕೂ ಅಪಾಯ. ಆರ್.ಸಿ.ಸಿ.ಬಿ. ಇರುವ ಮನೆಯಲ್ಲಿ ಹೀಗೆ ಮಾಡಿದರೆ ಅದು ಕೂಡಲೆ ಬೀಳುತ್ತದೆ. ಇದು ಸಾಧನದ ದೋಷವಲ್ಲ, ಗುಣ. ಜೋಡಿಸುವ ಕೆಲಸವನ್ನು ಪರವಾನಗಿಯುಳ್ಳ ವೈರ್‌ಮನ್ನಿನಿಂದಲೇ ಮಾಡಿಸತಕ್ಕದ್ದು.

ಪದೇ ಪದೇ ಬಿದ್ದರೆ?

ಅನೇಕ ಮನೆಗಳಲ್ಲಿ ಸಾಧನವನ್ನು ಇಟ್ಟ ಒಂದೆರಡು ತಿಂಗಳಲ್ಲಿಯೇ ಅದನ್ನು ತೆಗೆಸಿ ತಂತಿಯನ್ನು ನೇರವಾಗಿ ಜೋಡಿಸಿಬಿಡುತ್ತಾರೆ. “ಮಳೆ ಬಂದರೆ ಬೀಳುತ್ತದೆ, ರುಬ್ಬಲು ಹೋದರೆ ಬೀಳುತ್ತದೆ” ಎಂಬುದು ದೂರು. ನಾಯಿ ಬೊಗಳಿತೆಂದು ನಾಯಿಯನ್ನೇ ಅಟ್ಟಿದರೆ ಕಳ್ಳನು ಹೋದಂತಾಯಿತೇ? ಬೀಳುವುದೆಂದರೆ ಎಲ್ಲಿಯೋ ಸೋರಿಕೆಯಿದೆ ಎಂದರ್ಥ. ಅದನ್ನು ಹುಡುಕುವ ಬಗೆಯು ಸುಲಭ. ಮನೆಯ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಸಾಧನವನ್ನು ಮೇಲಕ್ಕೆತ್ತಬೇಕು. ಅದು ನಿಂತರೆ ಸಾಮಾನುಗಳನ್ನು ಒಂದೊಂದಾಗಿ ಜೋಡಿಸುತ್ತ ಹೋಗಬೇಕು. ಯಾವುದನ್ನು ಹಾಕಿದಾಗ ಬೀಳುವುದೋ ಅದೇ ಅಪರಾಧಿ. ಅದನ್ನು ರಿಪೇರಿ ಮಾಡಿಸುವವರೆಗೆ ಬಳಸಕೂಡದು. ಏನನ್ನೂ ಹಾಕದೆಯೇ ಬೀಳುತ್ತಿದ್ದರೆ ಗೋಡೆಯೊಳಗಿನ ತಂತಿಯಲ್ಲಿ ದೋಷವಿರಬಹುದಾದ್ದರಿಂದ ವೈರ್‌ಮನ್ನನ್ನು ಕರೆಸಬೇಕು.

ತಿಂಗಳಿಗೊಂದು ಸಲ ಪರೀಕ್ಷೆ

ಸಾಧನದ ಮುಖದ ಮೇಲೆ ‘ಟಿ’ ಅಥವಾ ‘ಟೆಸ್ಟ್’ ಎಂದು ಬರೆದ ಒಂದು ಗುಂಡಿಯಿರುತ್ತದೆ. ತಿಂಗಳಿಗೊಮ್ಮೆ, ಮರೆಯದಂತೆ ಅಮಾವಾಸ್ಯೆಯ ದಿವಸವೆಂದೇ ಇಟ್ಟುಕೊಂಡು, ವಿದ್ಯುತ್ತು ಇರುವಾಗ ಅದನ್ನು ಒತ್ತಿ ನೋಡಬೇಕು. ಕೂಡಲೆ ಬಿದ್ದರೆ ಸರಿ. ಬೀಳದಿದ್ದರೆ ಅದು ಸತ್ತ ಕಾವಲುಗಾರ, ತಡಮಾಡದೆ ಬದಲಿಸಬೇಕು. ಈ ಪರೀಕ್ಷೆಯಿಂದ ಸಾಧನದ ಸ್ಥಿತಿಯು ತಿಳಿಯುವುದೇ ಹೊರತು ಅರ್ತಿಂಗಿನ ಸ್ಥಿತಿಯು ತಿಳಿಯದು. ಅದನ್ನು ವೈರ್‌ಮನ್ನಿನಿಂದ ಬೇರೆಯಾಗಿ ಅಳೆಯಿಸಬೇಕು.

ಆಘಾತವಾದಾಗ

ಯಾರಿಗಾದರೂ ವಿದ್ಯುತ್ತು ತಗುಲಿದ್ದನ್ನು ಕಂಡರೆ ಅವರನ್ನು ಬರಿಗೈಯಲ್ಲಿ ಮುಟ್ಟಕೂಡದು. ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಿಲ್ಲದಿದ್ದರೆ, ಮನೆಯ ತಂತಿಯಾದಲ್ಲಿ, ಒಣಗಿದ ಮರದ ಕೋಲಿನಿಂದ ಬಿಡಿಸಬೇಕು. ಕಂಬದ ತಂತಿ ಕಡಿದುಬಿದ್ದಿದ್ದರೆ ಹತ್ತಿರ ಸುಳಿಯದೆ ೧೯೧೨ಕ್ಕೆ ಫೋನುಮಾಡಿ ವಿದ್ಯುತ್ ಕಚೇರಿಗೆ ತಿಳಿಸಬೇಕು. ಉಸಿರು ನಿಂತವರನ್ನು ಮರಳಿನಲ್ಲಿ ಹೂಳುವುದರಿಂದಾಗಲಿ ಮೈಗೆ ಮಣ್ಣು ಬಳಿಯುವುದರಿಂದಾಗಲಿ ಪ್ರಯೋಜನವಿಲ್ಲ. ಉಳಿಸಬಹುದಾದ ಅಮೂಲ್ಯ ಕಾಲವು ಕಳೆದುಹೋಗುತ್ತದೆ. ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲದಂತೆ ಸುಮಾರು ಎರಡು ಅಂಗುಲ ಇಳಿಯುವ ಹಾಗೆ ಒತ್ತುತ್ತಿರಬೇಕು. ಮತ್ತೊಬ್ಬರು ೧೦೮ಕ್ಕೆ ಫೋನುಮಾಡಿ ಆಂಬುಲೆನ್ಸನ್ನು ಕರೆಸಬೇಕು. ಅದು ಬರುವವರೆಗೆ ಒತ್ತುವುದನ್ನು ನಿಲ್ಲಿಸಕೂಡದು.

ಎತ್ತಿಗೆ ಹಗ್ಗ, ಬಾವಿಗೆ ಕಟ್ಟೆ, ಕಣಜಕ್ಕೆ ಮುಚ್ಚಳ, ಹೀಗೆ ಪ್ರತಿಯೊಂದು ವಸ್ತುವಿಗೂ ನಮ್ಮ ಹಿರಿಯರು ಒಂದು ಕಾವಲನ್ನು ಏರ್ಪಡಿಸಿದ್ದರು. ವಿದ್ಯುಚ್ಛಕ್ತಿಯು ಅವರ ಕಾಲದಲ್ಲಿರಲಿಲ್ಲವಾದ್ದರಿಂದ ಅದಕ್ಕೆ ಬೇಕಾದ ಕಾವಲನ್ನು ಏರ್ಪಡಿಸುವ ಹೊಣೆಯು ನಮ್ಮ ಮೇಲೆ ಬಿದ್ದಿದೆ. ಈ ಸಂಚಿಕೆಯನ್ನು ಓದಿದ ರೈತ ಬಾಂಧವರು ಇಂದು ಸಂಜೆಯೇ ದೀಪ ಹಚ್ಚುವ ಹೊತ್ತಿಗೆ ಮೀಟರಿನ ಹಲಗೆಯ ಮುಂದೆ ನಿಂತು, ಅಲ್ಲಿ ಪರೀಕ್ಷೆಯ ಗುಂಡಿಯುಳ್ಳ ಸಾಧನವಿದೆಯೇ ಎಂದು ನೋಡಲಿ. ಇದ್ದರೆ ಒತ್ತಿ ನೋಡಲಿ. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಮೊದಲು ಅದನ್ನು ಮನೆಗೆ ತರಲಿ. ಬೆಳೆ ಹೋದರೆ ಮತ್ತೊಂದು ಹಂಗಾಮಿನಲ್ಲಿ ಬಂದೀತು. ಹೋದ ಜೀವವು ಯಾವ ಹಂಗಾಮಿನಲ್ಲಿಯೂ ಬಾರದು.